ಪ್ರೇಮಗೀತೆಯ ಹುಡುಗನೇ ಆ ಪತ್ತೇದಾರನಾ?

ಪ್ರಶ್ನೆ: ಹಳೆಯ ಹಾಲಿವುಡ್ ಸಿನಿಮಾಗಳನ್ನು ಒಂದೊಂದಾಗಿ ನೋಡುತ್ತಿದ್ದೇನೆ. ‘ಫಾರ್ಟಿ ಸೆಕೆಂಡ್ ಸ್ಟ್ರೀಟ್’ನಲ್ಲಿ ನಗುನಗುತ್ತಾ ಹಾಡುವ ಹುಡುಗ ಡಿಕ್ ಪೊವೆಲ್. ‘ಮರ್ಡರ್, ಮೈ ಸ್ವೀಟ್’ನ ಒರಟು ಪತ್ತೇದಾರನ ಹೆಸರೂ ಅದೇ. ಇಬ್ಬರೂ ಒಬ್ಬರೇನಾ? ಹಾಡುಗಳು ಅವರ ಸ್ವಂತ ದನಿಯವಾ, ಇಲ್ಲಾ ಹಿನ್ನೆಲೆ ಗಾಯಕರಿದ್ದರಾ?

ಉತ್ತರ: ಒಬ್ಬರೇ. ದನಿಯೂ ಅವರದೇ. ಪೊವೆಲ್ ನಟನಾಗುವ ಮೊದಲೇ ಹಾಡುಗಾರ. 1904ರಲ್ಲಿ ಅರ್ಕಾನ್ಸಾದ ಮೌಂಟನ್ ವ್ಯೂ ಎಂಬ ಸಣ್ಣ ಊರಿನಲ್ಲಿ ಹುಟ್ಟಿ, ಚರ್ಚಿನಲ್ಲಿ ಹಾಡಿ, ಆರ್ಕೆಸ್ಟ್ರಾಗಳ ಜೊತೆ ತಿರುಗಿದವರು. 1932ರಲ್ಲಿ ವಾರ್ನರ್ ಬ್ರದರ್ಸ್ ಸೇರಿದರು. ಮರುವರ್ಷವೇ ನೀವು ನೋಡಿದ ಚಿತ್ರ ಬಂದು ಮನೆಮಾತಾದರು. ಅಮೆರಿಕದಲ್ಲಿ ಕೆಲಸವಿಲ್ಲದೆ ಜನ ಕಂಗಾಲಾಗಿದ್ದ ಕಾಲ ಅದು. ಪೊವೆಲ್ ಮತ್ತು ರೂಬಿ ಕೀಲರ್ ಜೋಡಿ, ಬಸ್ಬಿ ಬರ್ಕ್ಲಿಯವರ ನೃತ್ಯ ಸಂಯೋಜನೆ, ಎರಡನ್ನೂ ಜನ ಮುಗಿಬಿದ್ದು ನೋಡಿದರು.

ಅವರ ಹಾಡುಗಾರಿಕೆ ತಿಳಿಯಬೇಕಾದರೆ 1934ರ ‘ಡೇಮ್ಸ್’ ನೋಡಿ. ಸುರಂಗ ರೈಲಿನಲ್ಲಿ ಕೂತಿದ್ದಾರೆ, ಪಕ್ಕದಲ್ಲಿ ಕೀಲರ್ ನಿದ್ದೆಹೋಗಿದ್ದಾರೆ. ರೈಲಿನೊಳಗಿನ ಜಾಹೀರಾತುಗಳಲ್ಲಿರುವ ಹೆಂಗಸರ ಮುಖಗಳೆಲ್ಲ ಒಂದೊಂದಾಗಿ ಅವಳ ಮುಖವೇ ಆಗುತ್ತವೆ. ಆಮೇಲೆ ಹತ್ತಾರು ಹುಡುಗಿಯರು ಅದೇ ಮುಖವಾಡ ತೊಟ್ಟು ಬರುತ್ತಾರೆ. ಇಷ್ಟೆಲ್ಲ ನಡೆದರೂ ಆ ತಿಳಿಯಾದ ದನಿ ಎಲ್ಲೂ ಏರುವುದಿಲ್ಲ, ಪಕ್ಕದಲ್ಲಿ ಮಲಗಿದವಳಿಗೆ ಎಚ್ಚರವಾಗಬಾರದು ಅನ್ನುವಂತಿದೆ. ನನಗೆ ಇವತ್ತಿಗೂ ಇಷ್ಟವಾಗುವುದು ಅದೇ.

ಆದರೆ ವರ್ಷಗಟ್ಟಲೆ ಅದೇ ಪಾತ್ರ ಮಾಡಿ ಅವರು ಬೇಸತ್ತರು. ‘ಡಬಲ್ ಇಂಡೆಮ್ನಿಟಿ’ ಎಂಬ ಕೊಲೆಕಥೆಯ ಚಿತ್ರದ ಮುಖ್ಯ ಪಾತ್ರ ಬಯಸಿದರು, ಅದು ಫ್ರೆಡ್ ಮ್ಯಾಕ್‌ಮರಿ ಪಾಲಾಯಿತು. ಕೊನೆಗೆ 1944ರಲ್ಲಿ, ನಲವತ್ತರ ವಯಸ್ಸಿನಲ್ಲಿ, ಆರ್‌ಕೆಓ ಸಂಸ್ಥೆ ಅವರಿಗೆ ರೇಮಂಡ್ ಚಾಂಡ್ಲರ್ ಸೃಷ್ಟಿಸಿದ ಪತ್ತೇದಾರ ಫಿಲಿಪ್ ಮಾರ್ಲೋ ಪಾತ್ರ ಕೊಟ್ಟಿತು. ಕಾದಂಬರಿಯ ಹೆಸರು ‘ಫೇರ್‌ವೆಲ್, ಮೈ ಲವ್ಲಿ’. ಆ ಹೆಸರಿನ ಜೊತೆ ಪೊವೆಲ್ ಹೆಸರನ್ನೂ ಕಂಡ ಜನ ಇದೂ ಹಾಡು-ಕುಣಿತದ ಚಿತ್ರವೇ ಅಂದುಕೊಂಡರು. ಹಾಗಾಗಿ ಸಿನಿಮಾದ ಹೆಸರನ್ನೇ ‘ಮರ್ಡರ್, ಮೈ ಸ್ವೀಟ್’ ಎಂದು ಬದಲಿಸಬೇಕಾಯಿತು!

ಹಳೆಯ ಪೊವೆಲ್ ಅಲ್ಲಿ ಮಾಯವಾದರು ಎಂದು ಹಲವರು ಬರೆಯುತ್ತಾರೆ. ನಾನು ಒಪ್ಪುವುದಿಲ್ಲ. ಶ್ರೀಮಂತರ ಬಂಗಲೆಗೆ ಹೋದ ಮಾರ್ಲೋ ಮನ್ಮಥನ ವಿಗ್ರಹದ ಹಿಂಭಾಗಕ್ಕೆ ಬೆಂಕಿಕಡ್ಡಿ ಗೀರುತ್ತಾನೆ. ಚೌಕಳಿ ನೆಲದ ಮೇಲೆ ಕುಂಟೆಬಿಲ್ಲೆಯ ಹಾಗೆ ಹಾರುತ್ತಾನೆ. ಅದು ಕುಣಿತದ ಚಿತ್ರಗಳಲ್ಲಿ ಪಳಗಿದ ಮೈ. ಕಥೆಯನ್ನು ಅವನದೇ ದನಿ ಹೇಳುತ್ತಾ ಹೋಗುತ್ತದೆ. ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಯಾವ ಮಾತನ್ನು ಅರ್ಧ ತಾಳ ತಡೆದು ಬಿಡಬೇಕು, ಇದು ಹಾಡುಗಾರನಿಗೆ ಗೊತ್ತಿರುವ ವಿದ್ಯೆ. ಒಮ್ಮೆ ಕಣ್ಣು ಮುಚ್ಚಿ ಕೇಳಿ ನೋಡಿ.

ಆಮೇಲಿನದು ಚುಟುಕಾಗಿ: ನಿರ್ದೇಶಕರಾದರು, 1952ರಲ್ಲಿ ಡೇವಿಡ್ ನಿವೆನ್, ಶಾರ್ಲ್ ಬೊಯೆ ಅವರೊಂದಿಗೆ ‘ಫೋರ್ ಸ್ಟಾರ್’ ಎಂಬ ಟಿವಿ ಸಂಸ್ಥೆ ಕಟ್ಟಿದರು. 1963ರ ಜನವರಿ 2ರಂದು ಕ್ಯಾನ್ಸರ್‌ನಿಂದ ತೀರಿಕೊಂಡಾಗ ವಯಸ್ಸು 58.

ಹಾಡು ಪೂರ್ತಿ ಬಿಟ್ಟರಾ ಅಂದರೆ, ಇಲ್ಲ. 1949ರಲ್ಲಿ ಶುರುವಾದ ‘ರಿಚರ್ಡ್ ಡೈಮಂಡ್’ ರೇಡಿಯೊ ಸರಣಿಯಲ್ಲೂ ಅವರು ಪತ್ತೇದಾರನೇ. ಎಷ್ಟೋ ಕಂತುಗಳಲ್ಲಿ ಕೊಲೆಗಾರ ಸಿಕ್ಕ ಮೇಲೆ ಡೈಮಂಡ್ ತನ್ನ ಗೆಳತಿ ಹೆಲೆನ್ ಮನೆಗೆ ಹೋಗಿ, ಪಿಯಾನೊ ಮುಂದೆ ಕೂತು, ಅವಳಿಗೊಂದು ಹಾಡು ಹಾಡುತ್ತಾನೆ.