ಅಡಿಕೆ ಸುಲಿಯೋ ಕಾಲಕ್ಕೇ ಉರಿಮೂತ್ರ ಯಾಕೆ?

ಪ್ರಶ್ನೆ: ಡಾಕ್ಟ್ರೇ, ನನಗೆ 38 ವರ್ಷ. ತೀರ್ಥಹಳ್ಳಿ ಹತ್ತಿರದ ಹಳ್ಳಿ. ಅಡಿಕೆ ಸುಲಿಯೋದು ಶುರುವಾಯಿತೆಂದರೆ ನನಗೆ ಉರಿಮೂತ್ರವೂ ಶುರು. ಅತ್ತೆ ಉಷ್ಣ ಅಂತ ಎಳನೀರು, ಬಾರ್ಲಿ ನೀರು ಕೊಡುತ್ತಾರೆ. ಮೆಡಿಕಲ್‌ನಿಂದ ಮಾತ್ರೆ ತಂದು ಎರಡು ದಿನ ನುಂಗಿದರೆ ಕಡಿಮೆಯಾಗುತ್ತೆ, ತಿಂಗಳೊಳಗೆ ಮತ್ತೆ ಬರುತ್ತೆ. ಕಿಡ್ನಿ ಹಾಳಾಗಿದೆಯಾ?

ಉತ್ತರ: ನೀವು ಹೇಳಿದ್ದು ನೋಡಿದರೆ ತೊಂದರೆ ಮೂತ್ರಕೋಶದಲ್ಲಿದೆ, ಅಂದರೆ ಕಿಡ್ನಿಯಿಂದ ಇಳಿದ ಮೂತ್ರ ಬಂದು ನಿಲ್ಲುವ ಚೀಲದಲ್ಲಿ. ಸೋಂಕು ಅದು. ಹೆಚ್ಚಿನ ಸಲ ಇದಕ್ಕೆ ಕಾರಣ ಇ. ಕೋಲಿ ಅನ್ನೋ ಬ್ಯಾಕ್ಟೀರಿಯಾ. ಕರುಳಲ್ಲಿ ಅದು ತನ್ನ ಪಾಡಿಗೆ ಇರುತ್ತೆ, ಮೂತ್ರದ ದಾರಿ ಹತ್ತಿದರೆ ಮಾತ್ರ ತರಲೆ. ಹೆಂಗಸರಲ್ಲಿ ಈ ದಾರಿ ಬರೀ 4 ಸೆಂ.ಮೀ., ಗಂಡಸರಲ್ಲಿ ಸುಮಾರು 20. ಹಾಗಾಗಿ ಈ ಕಾಟ ಹೆಂಗಸರಿಗೇ ಜಾಸ್ತಿ.

ಒಳಗೆ ಹತ್ತಿದ್ದನ್ನು ತೊಳೆದು ಹಾಕುವುದು ಮೂತ್ರವೇ. ಸುಲಿಯೋ ಕಾಲದಲ್ಲಿ ನೀವು ಅದಕ್ಕೇ ತಡೆ ಹಾಕುತ್ತೀರಿ, ಅಲ್ವಾ? ಸಂಜೆ ಮೆಟ್ಟುಗತ್ತಿ (ಅಡಿಕೆ ಸುಲಿಯುವ ಕತ್ತಿ) ಮೇಲೆ ಕೂತರೆ ಸುಲಿದ ಅಡಿಕೆಯ ಡಬ್ಬದ ಲೆಕ್ಕ ತಪ್ಪಬಾರದು ಅಂತ ಏಳುವುದಿಲ್ಲ, ಎದ್ದರೂ ಕತ್ತಲಲ್ಲಿ ಹಿತ್ತಲಿಗೆ ಹೋಗಬೇಕು, ಅದರ ಬದಲು ನೀರೇ ಕುಡಿಯದಿದ್ದರಾಯಿತು ಅಂತ ಸುಮ್ನೆ ಕೂರುತ್ತೀರಿ. ಚಳಿಗೆ ಬಾಯಾರಿಕೆಯೂ ಆಗಲ್ಲ. ಎರಡು ಮೂರು ಗಂಟೆಗೊಮ್ಮೆ ಏಳಿ. ಲೈಟ್ ಇಲ್ಲದಿದ್ದರೆ ಮನೆಯವರಿಗೆ ಹೇಳಿ ಒಂದು ಬಲ್ಬ್ ಹಾಕಿಸಿ, ಇದೂ ಔಷಧಿಯೇ.

ಅತ್ತೆಯವರ ಎಳನೀರಿಗೆ ನನ್ನ ತಕರಾರಿಲ್ಲ (ಕಿಡ್ನಿ ಕಾಯಿಲೆ ಇರುವವರು ಮಾತ್ರ ಡಾಕ್ಟರನ್ನು ಕೇಳದೆ ಕುಡಿಯಬಾರದು, ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ). ತಕರಾರಿರುವುದು ಆ ಎರಡು ದಿನದ ಮಾತ್ರೆಗೆ. ಉರಿ ನಿಂತರೂ ಬ್ಯಾಕ್ಟೀರಿಯಾ ಪೂರ್ತಿ ಸತ್ತಿರುವುದಿಲ್ಲ. ಹೀಗೆ ಅರ್ಧಂಬರ್ಧ ನುಂಗುತ್ತಾ ಹೋದರೆ ಮುಂದೆ ಆ ಮಾತ್ರೆಗೆ ಜಗ್ಗದ ಬ್ಯಾಕ್ಟೀರಿಯಾವೇ ಉಳಿದುಕೊಳ್ಳುತ್ತೆ. ಉರಿಗೆ ಅಂತ ಕೊಡುವ ಸಿರಪ್ಪು ಉರಿಯನ್ನಷ್ಟೇ ತಗ್ಗಿಸುತ್ತೆ. ಈ ಸಲ ಉರಿ ಬಂದಾಗ ಮಾತ್ರೆ ಮುಟ್ಟುವ ಮೊದಲೇ ಯೂರಿನ್ ಕಲ್ಚರ್ ಮಾಡಿಸಿ, ಅಂದರೆ ಮೂತ್ರದಲ್ಲಿರುವ ಬ್ಯಾಕ್ಟೀರಿಯಾವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಪರೀಕ್ಷೆ. ಮೊದಲು ಸ್ವಲ್ಪ ಬಿಟ್ಟು, ನಡುವಿನ ಮೂತ್ರವನ್ನು ಲ್ಯಾಬಿನ ಬಾಟಲಿಯಲ್ಲಿ ಹಿಡಿಯಬೇಕು. ರಿಪೋರ್ಟ್‌ಗೆ ಎರಡು ಮೂರು ದಿನ ಬೇಕು, ಆದರೆ ಯಾವ ಔಷಧಿ ಹತ್ತುತ್ತೆ ಅಂತ ಗೊತ್ತಾಗುತ್ತೆ. ಜೊತೆಗೆ ಶುಗರ್ ಟೆಸ್ಟ್ ಮಾಡಿಸಿ.

ನಡುಗಿಸುವ ಜ್ವರ, ಪಕ್ಕೆ ನೋವು, ವಾಂತಿ ಬಂದರೆ ಸೋಂಕು ಕಿಡ್ನಿಗೆ ಹತ್ತಿದೆ ಅಂತ ಲೆಕ್ಕ. ಆಗ ಸುಲಿಯೋದು ಮುಗಿಯಲಿ ಅಂತ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಎಡಗಡೆ ಮೂತ್ರನಾಳದಲ್ಲಿ 6 ಮಿ.ಮೀ. ಕಲ್ಲಿದೆ ಅಂತ ಸ್ಕ್ಯಾನಿಂಗ್‌ನಲ್ಲಿ ಬಂತು. ಬಾಳೆದಿಂಡಿನ ರಸ ಕುಡಿಯುತ್ತಿದ್ದೇನೆ, ವಾರದಿಂದ ನೋವಿಲ್ಲ. ಕರಗಿತಾ? ಹಾಲು, ಮೊಸರು ಬಿಡಬೇಕಾ? – ಸಾಗರದ ಓದುಗರು

ಉತ್ತರ: ನೋವು ಹೋದ ಮಾತ್ರಕ್ಕೆ ಕಲ್ಲೂ ಹೋಯಿತು ಅನ್ನುವಂತಿಲ್ಲ. ಕಿಡ್ನಿಯಿಂದ ಮೂತ್ರಕೋಶಕ್ಕೆ ಇಳಿಯುವ ಆ ನಾಳದ ಅಗಲವೇ 3–4 ಮಿ.ಮೀ. ಕಲ್ಲು ಸಿಕ್ಕಿಕೊಂಡು ಮೂತ್ರ ಹಿಂದಕ್ಕೆ ಒತ್ತಿದಾಗ ನೋವು ಬರುತ್ತೆ, ಕೆಲವರಲ್ಲಿ ಕಲ್ಲು ಅಲ್ಲೇ ಇದ್ದರೂ ನೋವು ತಣ್ಣಗಾಗುತ್ತೆ. ಆಮೇಲೆ ಕಿಡ್ನಿ ಸದ್ದಿಲ್ಲದೆ ಸೊರಗುತ್ತೆ. ಇನ್ನೊಮ್ಮೆ ಸ್ಕ್ಯಾನ್ ಮಾಡಿಸಲೇಬೇಕು.

5 ಮಿ.ಮೀ. ಒಳಗಿನ ಕಲ್ಲು ಸಾಮಾನ್ಯವಾಗಿ ತಾನೇ ಹೋಗುತ್ತೆ, ನಿಮ್ಮದು ಹೋದರೂ ಹೋಯಿತು, ಇಲ್ಲದಿದ್ದರೂ ಇಲ್ಲ. ಬಾಳೆದಿಂಡು ಪಲ್ಯ, ಸಾಸಿವೆ ಮಾಡಿಕೊಂಡು ತಿನ್ನಿ, ಚೆನ್ನಾಗಿರುತ್ತೆ. ಆದರೆ ಹೆಚ್ಚಿನವರಲ್ಲಿ ಆಗುವ ಕ್ಯಾಲ್ಸಿಯಂ ಆಕ್ಸಲೇಟ್ ಕಲ್ಲು (ಕ್ಯಾಲ್ಸಿಯಂ ಜೊತೆ ಊಟದಲ್ಲೂ ಇರುವ ಆಕ್ಸಲೇಟ್ ಸೇರಿ ಆಗುವ ಕಲ್ಲು) ಅದರಿಂದ ಕರಗುತ್ತೆ ಅಂತ ಸಾಬೀತಾಗಿಲ್ಲ. ಹಾಲು, ಮೊಸರು ಬಿಡಬೇಡಿ. ಊಟದಲ್ಲಿನ ಕ್ಯಾಲ್ಸಿಯಂ ಆಕ್ಸಲೇಟನ್ನು ಕರುಳಲ್ಲೇ ಹಿಡಿದು ಹೊರಗೆ ಹಾಕುತ್ತೆ. ಕಡಿಮೆ ಮಾಡಬೇಕಾದ್ದು ಉಪ್ಪು, ಅಂದರೆ ಮಿಡಿ ಉಪ್ಪಿನಕಾಯಿಯೂ ಬಂತು, ಬೇಜಾರು ಮಾಡಿಕೊಳ್ಳಬೇಡಿ. ದಿನಕ್ಕೆ ಎರಡೂವರೆ ಲೀಟರ್‌ನಷ್ಟು ಮೂತ್ರ ಹೋಗುವಷ್ಟು ನೀರು ಕುಡಿಯಿರಿ. ನೋವಿನ ಜೊತೆ ಜ್ವರ ಬಂದರೆ ರಾತ್ರಿಯಾದರೂ ಸರಿ, ಶಿವಮೊಗ್ಗಕ್ಕೆ ಹೊರಡಿ.

ಒಂದಕ್ಕೆ ಹೋಗುವಾಗ ಟೀ ಸೋಸುವ ಜಾಲರಿ ಹಿಡಿಯಿರಿ (ಆಮೇಲೆ ಅದನ್ನು ಅಡುಗೆಮನೆಗೆ ತರಬೇಡಿ). ಕಲ್ಲು ಸಿಕ್ಕರೆ ಎಸೆಯದೆ ಡಾಕ್ಟರಿಗೆ ತೋರಿಸಿ, ಲ್ಯಾಬ್‌ನಲ್ಲಿ ಅದು ಯಾವ ಜಾತಿಯ ಕಲ್ಲು ಅಂತ ನೋಡಿ ಮುಂದಿನ ಪಥ್ಯ ಹೇಳುತ್ತಾರೆ.