ಬ್ಲಾಗಿನ ಹೊಸ ಬರಹ ಬ್ರೌಸರಿಗೇ ಬರಲಿ

ಪ್ರಶ್ನೆ: ಕನ್ನಡದ ಹಲವು ಬ್ಲಾಗುಗಳನ್ನು ವರ್ಷಗಳಿಂದ ಓದುತ್ತಿದ್ದೇನೆ. ಕೆಲವರು ವಾರಕ್ಕೊಮ್ಮೆ ಬರೆದರೆ ಇನ್ನು ಕೆಲವರು ಮೂರು ತಿಂಗಳಿಗೊಮ್ಮೆ. ಹಿಂದೆ ಹೊಸ ಬರಹಗಳನ್ನೆಲ್ಲ ಒಂದೇ ಕಡೆ ತೋರಿಸುವ ಗೂಗಲ್ ರೀಡರ್ ಇತ್ತು. ಅದು ಹೋದ ಮೇಲೆ ಫೇಸ್‌ಬುಕ್‌ನಲ್ಲಿ ಕಂಡ ಕೊಂಡಿಗಳನ್ನೇ ನೆಚ್ಚಿಕೊಂಡಿದ್ದೇನೆ. ಎಷ್ಟೋ ಬರಹಗಳು ಕಣ್ತಪ್ಪಿ ಹೋಗುತ್ತವೆ. ಹೊಸ ಖಾತೆ ತೆರೆಯದೆ ಫೈರ್‌ಫಾಕ್ಸ್‌ನಲ್ಲೇ ಇವನ್ನು ಓದುವ ದಾರಿ ಇದೆಯೇ?
— ಓದುಗರೊಬ್ಬರು, ಸಾಗರ

ಉತ್ತರ: ಖಂಡಿತ ಇದೆ. ದಿನವೂ ಬರೆಯುವವರ ಬ್ಲಾಗಿಗೆ ನಾವೇ ಹೋಗಿ ಬರುತ್ತೇವೆ. ತಿಂಗಳುಗಟ್ಟಲೆ ಸುಮ್ಮನಿದ್ದು ಒಂದು ದಿನ ಒಳ್ಳೆಯ ಬರಹ ಹಾಕುವವರನ್ನು ಮರೆತೇಬಿಡುತ್ತೇವೆ. ಕನ್ನಡದಲ್ಲಿ ಅಂಥ ಬ್ಲಾಗುಗಳೇ ಹೆಚ್ಚು. ಹಾಗಾಗಿ ಹೊಸ ಬರಹಗಳನ್ನು ನಮ್ಮ ಬಳಿಗೇ ತಂದುಕೊಡುವ ನ್ಯೂಸ್‌ಫೀಡ್‌ನ ಉಪಯೋಗ ನಮಗೆ ಉಳಿದವರಿಗಿಂತ ಒಂದು ತೂಕ ಜಾಸ್ತಿಯೇ.

ಬ್ಲಾಗಿನಲ್ಲಿ ಬರಹ ಪ್ರಕಟವಾದೊಡನೆ ಅದರ ಶೀರ್ಷಿಕೆ, ದಿನಾಂಕ, ಒಡಲು ಎಲ್ಲವೂ ತಂತ್ರಾಂಶಗಳು ಓದಬಲ್ಲ ಒಂದು ಎಕ್ಸ್‌ಎಂಎಲ್ ಕಡತಕ್ಕೆ ತಾನಾಗಿ ಸೇರುತ್ತವೆ. ಆ ಕಡತವೇ ಫೀಡ್. 1999ರಲ್ಲಿ ನೆಟ್‌ಸ್ಕೇಪ್ ಆರಂಭಿಸಿದ ಆರ್‌ಎಸ್‌ಎಸ್, 2005ರಲ್ಲಿ ಮಾನಕವಾದ ಆಟಮ್ ಎಂಬ ಫೀಡ್‌ನ ಎರಡು ಮಾದರಿಗಳೂ ಇಂದಿಗೂ ಚಾಲ್ತಿಯಲ್ಲಿವೆ. ಗೂಗಲ್ ರೀಡರ್ 2013ರ ಜುಲೈಯಲ್ಲಿ ಮುಚ್ಚಿತು, ನಿಜ. ಮುಚ್ಚಿದ್ದು ಓದುವ ಸಾಧನ ಮಾತ್ರ. ಬ್ಲಾಗುಗಳು ಫೀಡ್ ಕೊಡುವುದನ್ನು ನಿಲ್ಲಿಸಲಿಲ್ಲ.

ಬ್ರೌಸರಿನಲ್ಲಿ ವಿಳಾಸ ಬರೆಯುವ ಸಾಲಿನ ಕಿತ್ತಳೆ ಬಣ್ಣದ ಚಿಹ್ನೆ ಒತ್ತಿ ಎನ್ನುವ ಹಳೆಯ ಸೂಚನೆಗಳು ಅಂತರ್ಜಾಲದಲ್ಲಿ ಸಿಕ್ಕರೆ ಅವನ್ನು ಬಿಟ್ಟುಬಿಡಿ. ಫೈರ್‌ಫಾಕ್ಸ್‌ನೊಳಗೇ ಇದ್ದ ಫೀಡ್ ಓದುವ ಸೌಲಭ್ಯವನ್ನು 2018ರ ಡಿಸೆಂಬರಿನಲ್ಲಿ ಬಂದ 64ನೇ ಆವೃತ್ತಿಯಲ್ಲಿ ತೆಗೆದರು. ಈಗ ಆಡ್‌ಆನ್, ಅಂದರೆ ಬ್ರೌಸರಿಗೆ ಹೆಚ್ಚಿನ ಸೌಲಭ್ಯ ಸೇರಿಸುವ ಪುಟ್ಟ ತಂತ್ರಾಂಶ, ಹಾಕಿಕೊಳ್ಳಬೇಕು. ನಾನು ಹೇಳುವುದು ಫೀಡ್‌ಬ್ರೋ. ಅದಕ್ಕೆ ಖಾತೆ ಬೇಡ, ನಿಮ್ಮ ಪಟ್ಟಿ ನಿಮ್ಮ ಕಂಪ್ಯೂಟರಿನಲ್ಲೇ ಇರುತ್ತದೆ. ಬರೀ ಶೀರ್ಷಿಕೆಗಳು ಬುಕ್‌ಮಾರ್ಕ್‌ಗಳ ನಡುವೆ ಕಂಡರೆ ಸಾಕು ಎನ್ನುವವರಿಗೆ ಲೈವ್‌ಮಾರ್ಕ್ಸ್ ಎಂಬ ಇನ್ನೊಂದು ಆಡ್‌ಆನ್ ಇದೆ.

ಫೈರ್‌ಫಾಕ್ಸ್‌ನ ಆಡ್‌ಆನ್ ತಾಣದಿಂದ ಫೀಡ್‌ಬ್ರೋ ಹಾಕಿಕೊಂಡ ಮೇಲೆ ಮೆಚ್ಚಿನ ಬ್ಲಾಗಿನ ಮುಖಪುಟ ತೆರೆಯಿರಿ. ಮೇಲಿನ ಸಾಲಿನಲ್ಲಿ ಅದರ ಗುರುತು ಕಾಣದಿದ್ದರೆ ಜಿಗ್‌ಸಾ ತುಣುಕಿನಂಥ ಚಿಹ್ನೆಯೊಳಗೆ ಅಡಗಿರುತ್ತದೆ. ಗುರುತನ್ನು ಒತ್ತಿ, ಈ ಪುಟದ ಫೀಡ್‌ಗಳನ್ನು ಹುಡುಕುವ ಆಯ್ಕೆ ಆರಿಸಿ. ಗೂಗಲ್‌ನ ಬ್ಲಾಗರ್ ತಾಣದ ಬ್ಲಾಗಾದರೆ ಆಟಮ್, ಆರ್‌ಎಸ್‌ಎಸ್ ಎರಡೂ ಪಟ್ಟಿಯಲ್ಲಿ ಕಾಣುತ್ತವೆ. ಒಂದನ್ನು ಮಾತ್ರ ಸೇರಿಸಿಕೊಳ್ಳಿ, ಇಲ್ಲವಾದರೆ ಪ್ರತಿ ಬರಹವೂ ಎರಡೆರಡು ಸಲ ಬರುತ್ತದೆ. ಮುಖಪುಟದಿಂದಲೇ ಹುಡುಕಿ ಎಂದದ್ದಕ್ಕೂ ಕಾರಣವಿದೆ: ಒಂದು ಬರಹದ ಪುಟದಿಂದ ಹುಡುಕಿದರೆ ಆ ಬರಹದ ಪ್ರತಿಕ್ರಿಯೆಗಳ ಫೀಡ್ ಕೂಡ ಸಿಗುತ್ತದೆ, ಅದನ್ನು ಸೇರಿಸಿಕೊಂಡು, ಹೊಸ ಬರಹ ಬರಲೇ ಇಲ್ಲವೆಂದು ಕಾಯುವಂತಾಗುತ್ತದೆ.

ಹುಡುಕಿದರೂ ಸಿಗದಿದ್ದರೆ ವಿಳಾಸವನ್ನು ಕೈಯಾರೆ ಕೊಡಿ. ವರ್ಡ್‌ಪ್ರೆಸ್ ಬ್ಲಾಗಾದರೆ ವಿಳಾಸದ ಕೊನೆಗೆ ಓರೆಗೆರೆ (/) ಹಾಕಿ ಇಂಗ್ಲಿಷಿನಲ್ಲಿ ‘ಫೀಡ್’ ಎಂದು ಬರೆದರೆ ಆಯಿತು. ಬ್ಲಾಗರ್‌ನಲ್ಲಿ ‘ಫೀಡ್ಸ್’, ‘ಪೋಸ್ಟ್ಸ್’, ‘ಡೀಫಾಲ್ಟ್’ ಎಂಬ ಮೂರು ಪದಗಳು ಇಂಗ್ಲಿಷಿನಲ್ಲೇ, ಪ್ರತಿ ಪದಕ್ಕೂ ಮೊದಲು ಒಂದೊಂದು ಓರೆಗೆರೆ. ಇದರ ಕೊನೆಗೆ ಮತ್ತೆ ಓರೆಗೆರೆ, ಅಡ್ಡಗೆರೆ (-), ಓರೆಗೆರೆ ಹಾಕಿ ‘ಕವಿತೆ’ ಎಂದು ಸೇರಿಸಿದರೆ ಆ ವರ್ಗದ ಬರಹಗಳಷ್ಟೇ ಬರುತ್ತವೆ. ಪದವನ್ನು ಕನ್ನಡದಲ್ಲೇ ಬರೆಯಬಹುದು. ಬ್ರೌಸರಿನಿಂದ ನಕಲಿಸಿದಾಗ ಅದು ಶೇಕಡಾ ಚಿಹ್ನೆಗಳ ಉದ್ದ ಸರಪಳಿಯಾಗಿ ಕಂಡರೆ ಗಾಬರಿಯಾಗಬೇಡಿ, ಕೆಲಸ ಮಾಡುತ್ತದೆ. ಎಲ್ಲವನ್ನೂ ಬರೆಯುವವರ ಬ್ಲಾಗಿನಲ್ಲಿ ಒಂದೇ ವಿಷಯ ಬೇಕಾದವರಿಗೆ ಇದು ಬಹಳ ಅನುಕೂಲ.

ಕೆಲವು ಬ್ಲಾಗುಗಳ ಬರಹ ನಾಲ್ಕು ಸಾಲಿಗೇ ನಿಂತುಬಿಡುತ್ತದೆ. ಅದು ಆಡ್‌ಆನ್‌ನ ದೋಷವಲ್ಲ, ಬ್ಲಾಗಿನವರು ಸಾರಾಂಶ ಮಾತ್ರ ಕೊಡುವಂತೆ ಆರಿಸಿರುತ್ತಾರೆ. ಬ್ಲಾಗ್ ಬರೆಯುವ ಗೆಳೆಯರಲ್ಲಿ ನನ್ನ ಮನವಿ: ದಯವಿಟ್ಟು ಪೂರ್ಣ ಪಠ್ಯ ಕೊಡಿ. ಫೀಡ್ ಹಾಕಿಕೊಂಡು ಓದುವವರು ನಿಮ್ಮನ್ನು ಹುಡುಕಿಕೊಂಡು ಬಂದವರು.

ಬ್ರೌಸರ್ ತೆರೆದಿದ್ದಾಗ ಮಾತ್ರ ಆಡ್‌ಆನ್ ಹೊಸತನ್ನು ತರುತ್ತದೆ. ವರ್ಡ್‌ಪ್ರೆಸ್ ಸಾಮಾನ್ಯವಾಗಿ ಕೊನೆಯ 10 ಬರಹಗಳನ್ನು ಮಾತ್ರ ಫೀಡ್‌ನಲ್ಲಿ ಇಡುವುದರಿಂದ, ದಿನಕ್ಕೆ ಹಲವು ಬರಹ ಹಾಕುವ ತಾಣಗಳಲ್ಲಿ ಹಳೆಯವು ತಪ್ಪಬಹುದು. ನೀವು ಹೇಳುವಂಥ ಬ್ಲಾಗುಗಳಿಗೆ ಈ ತೊಂದರೆ ಇಲ್ಲ.

ಪಟ್ಟಿ ನಿಮ್ಮ ಕಂಪ್ಯೂಟರಿನಲ್ಲೇ ಇರುವುದರಿಂದ ಅದರ ಜೋಪಾನವೂ ನಿಮ್ಮದೇ. ಆಡ್‌ಆನ್ ತೆಗೆದರೆ ಪಟ್ಟಿಯೂ ಹೋಗುತ್ತದೆ. ಫೈರ್‌ಫಾಕ್ಸ್ ಅನ್ನು ‘ರಿಫ್ರೆಶ್’ ಮಾಡಿದರೂ ಆಡ್‌ಆನ್‌ಗಳೆಲ್ಲ ಹೋಗುತ್ತವೆ. ಹೊಸ ಬ್ಲಾಗುಗಳನ್ನು ಸೇರಿಸಿದಾಗಲೆಲ್ಲ ಪಟ್ಟಿಯನ್ನು ಒಪಿಎಂಎಲ್ (ಫೀಡ್ ಪಟ್ಟಿಗಳನ್ನು ಉಳಿಸಿಡುವ ಮಾದರಿ) ಕಡತವಾಗಿ ರಫ್ತು ಮಾಡಿ ನಿಮಗೇ ಇಮೇಲ್ ಮಾಡಿಕೊಳ್ಳಿ. ಬೇರೆ ಫೀಡ್ ರೀಡರ್‌ಗಳೂ ಸಾಮಾನ್ಯವಾಗಿ ಈ ಕಡತವನ್ನು ಓದುತ್ತವೆ. ಮುಂದೆ ಮೊಬೈಲಿನಲ್ಲಿ ಓದಬೇಕೆನಿಸಿದರೆ ಅಲ್ಲಿನ ಆ್ಯಪ್‌ಗೆ ಅದನ್ನೇ ಕೊಡಿ. ಒಂದೊಂದಾಗಿ ಮತ್ತೆ ಸೇರಿಸುವ ಶ್ರಮವಿರುವುದಿಲ್ಲ.