ಕಾರ್ಯದರ್ಶಿ ಸ್ಥಾನ ಬಿಡುವ ಬಗ್ಗೆ

ನಮಸ್ಕಾರ ಸರ್. ಆರು ವರ್ಷದಿಂದ ತಾಲ್ಲೂಕು ಛಾಯಾಗ್ರಾಹಕರ ಸಂಘದ ಕಾರ್ಯದರ್ಶಿ ಆಗಿದ್ದೀರಿ, ಬಿಡ್ತೀನಿ ಅಂದರೆ ‘ನೀವೇ ಇರಿ’ ಅನ್ನುತ್ತಾರೆ, ಏನು ಮಾಡಲಿ ಎಂದು ಕೇಳಿದ್ದೀರಿ. ನಮ್ಮೂರಿನ ಸಿವಿಲ್ ಇಂಜಿನಿಯರುಗಳ ಸಂಘದಲ್ಲಿ ನನಗೂ ಇದೇ ಪಾಡು ಆಗಿತ್ತು.

ಬಾಯಲ್ಲಿ ಹೇಳಿದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಮಹಾಸಭೆಗೆ ಎರಡು ಮೂರು ತಿಂಗಳು ಮೊದಲೇ ಅಧ್ಯಕ್ಷರಿಗೆ ಪತ್ರ ಕೊಟ್ಟು, ನಕಲಿನ ಮೇಲೆ ಸಹಿ ಹಾಕಿಸಿಕೊಳ್ಳಿ.

ನಿಜವಾದ ತಲೆನೋವು ಬ್ಯಾಂಕಿನದು. ನಾನು ಬಿಟ್ಟು ಎಂಟು ತಿಂಗಳಾದರೂ ಚೆಕ್ಕಿಗೆ ನನ್ನ ಸಹಿಯೇ ಬೇಕಿತ್ತು. ಒಮ್ಮೆ ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗಲೇ ಚೆಕ್‌ಬುಕ್ ಹಿಡಿದು ಬಂದಿದ್ದರು! ಹಾಗಾಗಿ ಹೊಸಬರ ಆಯ್ಕೆ, ಖಾತೆಯ ಸಹಿ ಬದಲಾವಣೆ ಎರಡನ್ನೂ ಅದೇ ಸಭೆಯ ನಡಾವಳಿ ಪುಸ್ತಕದಲ್ಲಿ ಬರೆಸಿ. ಸಂಘ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿ ಆಗಿದ್ದರೆ, ವಾರ್ಷಿಕ ಮಹಾಸಭೆಯಾದ 14 ದಿನದೊಳಗೆ ಆಡಳಿತ ಮಂಡಳಿಯ ಪಟ್ಟಿ, ಲೆಕ್ಕಪತ್ರ ನೋಂದಣಾಧಿಕಾರಿಗೆ ಹೋಗಬೇಕು. ಆ ಪಟ್ಟಿಯಲ್ಲಿ ನಿಮ್ಮ ಹೆಸರಿಲ್ಲ ಅಂತ ಕಣ್ಣಾರೆ ನೋಡಿಕೊಳ್ಳಿ.

ಸೀಲು, ರಸೀದಿ ಪುಸ್ತಕ, ಪಾನ್ ಕಾರ್ಡ್ ಕೊಟ್ಟು ಬರೆಸಿಕೊಳ್ಳಿ. ವಾಟ್ಸಾಪ್ ಗ್ರೂಪಿನ ಅಡ್ಮಿನ್ ಕೆಲಸವನ್ನೂ ಬಿಡಿ, ಜಾಸ್ತಿ ಕಾಟ ಅದರದ್ದೇ.

ಯಾರೂ ಮುಂದೆ ಬರುತ್ತಿಲ್ಲ ಅಂದಿರಿ. ನೀವು ಕುರ್ಚಿಯಲ್ಲಿ ಇರುವ ತನಕ ಬರುವುದೂ ಇಲ್ಲ, ಅಲ್ವಾ? ಮುಂದಿನ ಸಭೆಯನ್ನು ಪೂರ್ತಿ ಜಂಟಿ ಕಾರ್ಯದರ್ಶಿಗೆ ಬಿಡಿ. ತಪ್ಪಿದರೂ ಬಾಯಿ ಹಾಕಬೇಡಿ. ‘ಸಲಹೆಗಾರರಾಗಿ ಇರಿ’ ಅಂತ ಖಂಡಿತ ಕೇಳುತ್ತಾರೆ. ಒಂದು ವರ್ಷ ಬೇಡ ಅನ್ನಿ. ನಾನು ಹೂಂ ಅಂದು, ಸುಮ್ನೆ ಹಳೇ ಕೆಲಸವನ್ನೇ ಮತ್ತೊಂದು ವರ್ಷ ಮಾಡಿದೆ.